ಕೆಳಗಿನ ಹಲಗೆ

ಹೊಸೂರು ರಸ್ತೆಯ ಮೇಲ್ಸೇತುವೆ ಇಳಿದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಷ್ಟು ಅಪಾರ್ಟ್‌ಮೆಂಟುಗಳಿವೆಯೋ ಅಷ್ಟನ್ನೂ ಸುತ್ತಿ ಬನ್ನಿ. ವಿನಾಯಕ್ ಮಾಡಿದಂಥ ಚಪ್ಪಲಿ ಸ್ಟ್ಯಾಂಡ್ ಇನ್ನೊಂದು ಕಂಡರೆ ಅವನು ಮೀಸೆ ಬೋಳಿಸಿಕೊಳ್ಳುತ್ತಾನೆ. ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ, ಆ ಮಾತು ಬೇರೆ. ಬಡಗಿಯನ್ನು ಕರೆಯಲಿಲ್ಲ, ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯಲೂ ಇಲ್ಲ. ಒಂದೆರಡು ನೋಡಿದ, ಅದನ್ನೆಲ್ಲ ಲೆಕ್ಕಕ್ಕೆ ತಗೋಬಾರದು. ಗರಗಸ ಹಿಡಿದವನೂ ಅವನೇ, ಮೊಳೆ ಹೊಡೆದವನೂ ಅವನೇ, ಬಣ್ಣ ಬಳಿದವನೂ ಅವನೇ. ಬಾಗಿಲು ತೆರೆದರೆ ಸಾಕು, ಮನೆಯೊಳಗಿನ ಪ್ಯಾಸೇಜಿನ ಎಡಗಡೆ ಮೂರು ಅಂತಸ್ತಿನ ಆ ಸ್ಟ್ಯಾಂಡು ಎಂಟ್ರಿ ಸೀನಿಗೆ ಕಾಲು ಅಗಲಿಸಿ ನಿಂತ ಹೀರೋನ ಹಾಗೆ ನಿಂತಿದೆ. ಗಾಳಿ ಒಂದು ಬೀಸಬೇಕು, ಹಿಂದಿನಿಂದ ಡೋಲು ಒಂದು ಬಡಿಯಬೇಕು, ಅಷ್ಟೇ ಕೊರತೆ. ಅಲ್ಲಾಡಿಸಿ ನೋಡಿ, ಅಲ್ಲಾಡುವುದಿಲ್ಲ. ಕೊನೆಗೆ ಒಂದು ಹಲಗೆ ಕಡಿಮೆ ಬಿತ್ತು ನಿಜ. ಅದನ್ನೂ ಅವನು ಯಾರನ್ನೂ ಕೇಳದೆ ಮನೆಯಲ್ಲೇ ಹೊಂದಿಸಿಕೊಂಡ. ಇದಕ್ಕೆ ತಲೆ ಅನ್ನದೆ ಇನ್ನೇನನ್ನುತ್ತೀರಿ?

ಆದರೆ ಈ ಸೋಮವಾರ ಬೆಳಿಗ್ಗೆ ಅವನು ಆ ಸ್ಟ್ಯಾಂಡಿನ ಕಡೆ ತಿರುಗಿಯೂ ನೋಡಿರಲಿಲ್ಲ. ಸೋಫಾದ ಮೇಲೆ ಹೊದಿಕೆಯೊಳಗೆ ಮುದುರಿಕೊಂಡು ಬಚ್ಚಲುಮನೆಯ ನೀರಿನ ಸದ್ದು ಕೇಳುತ್ತಿದ್ದ. ಒಳಗೆ ಸ್ನಾನ ಮಾಡುತ್ತಿದ್ದವನು ಅವನ ಭಾವ ರುದ್ರೇಶ್, ಅಕ್ಕ ಸ್ಫೂರ್ತಿಯ ಗಂಡ. ಚೊಂಬು ಬಕೆಟ್ಟಿಗೆ ತಾಗುವ ಸದ್ದು, ನೀರು ಮೈಮೇಲೆ ಬಿದ್ದು ಹರಡುವ ಸದ್ದು, ನಡುನಡುವೆ ‘ಶಿವಾ’ ಎಂಬ ಉಸಿರು. ಆ ಸದ್ದು ನಿಲ್ಲದಿರಲಿ ಎಂದುಕೊಂಡ. ಟ್ಯಾಂಕಿನ ನೀರೆಲ್ಲ ಮುಗಿದರೂ ಇವನ ಸ್ನಾನ ಮುಗಿಯದಿರಲಿ. ಯಾಕೆಂದರೆ ನೀರು ನಿಂತ ಮೇಲೆ ಭಾವ ಮಡಿ ಉಟ್ಟು ಲಿಂಗಪೂಜೆಗೆ ಬರುತ್ತಾನೆ. ಅವನು ಬರುವ ಹೊತ್ತಿಗೆ ಅವ್ವ ದೇವರ ಕಪಾಟಿನ ಪಕ್ಕದ ಸಂದಿಗೆ ಕೈ ಹಾಕಿ ಮಣೆ ತೆಗೆಯುತ್ತಾಳೆ. ಆ ಸಂದಿಯಲ್ಲಿ ಶನಿವಾರ ಮಧ್ಯಾಹ್ನದಿಂದ ಮಣೆ ಇಲ್ಲ. ನೆನ್ನೆ ಭಾನುವಾರ ಹೇಗೋ ತಪ್ಪಿಹೋಯಿತು. ಭಾವನಿಗೆ ಕಾರ್ಖಾನೆಯಿಂದ ತುರ್ತು ಕರೆ ಬಂದು, ಪೂಜೆಗೆ ಕೂರದೆ ನಿಂತಲ್ಲೇ ವಿಭೂತಿ ಹಚ್ಚಿಕೊಂಡು ಓಡಿದ್ದ. ಇವತ್ತು ಯಾವ ಕರೆಯೂ ಬರುವ ಹಾಗೆ ಕಾಣಲಿಲ್ಲ. ಹೇಳಬೇಕಾದ ಸುಳ್ಳುಗಳನ್ನು ವಿನಾಯಕ್ ಹೊದಿಕೆಯೊಳಗೇ ರಿಹರ್ಸಲ್ ಮಾಡಿಕೊಂಡಿದ್ದ. ನಾನ್ಯಾಕೆ ಮುಟ್ಲಿ? ಕೆಲಸದ ಬಸಕ್ಕನ್ನ ಕೇಳು. ಸಜ್ಜಾ ಮೇಲೆ ನೋಡ್ದ್ಯಾ? ಒಂದೊಂದೂ ಬಾಯಲ್ಲಿ ಸೊಗಸಾಗಿ ಕೂರುತ್ತಿತ್ತು. ಬಸಕ್ಕನ ಮುಖ ನೆನಪಾದಾಗ ಮಾತ್ರ ಆ ಸುಳ್ಳಿಗೆ ಕಾಲು ಜಾರುತ್ತಿತ್ತು.

ಬೇರೆ ಮನೆ ಸಿಗುವ ತನಕ ಎಂದು ಬಂದವರು ಅಕ್ಕ ಭಾವ. ಪೀಣ್ಯದ ಕಾರ್ಖಾನೆಯವರು ರುದ್ರೇಶನನ್ನು ಇಲ್ಲಿಯ ಘಟಕಕ್ಕೆ ಹಾಕಿದ್ದೇ, ಲಗ್ಗೆರೆಯ ಬಾಡಿಗೆ ಮನೆ ಬಿಟ್ಟು ಗಂಡ ಹೆಂಡತಿ ಸೂಟ್‌ಕೇಸು, ಗ್ರೈಂಡರು, ಒಂದು ತುಳಸಿ ಕುಂಡದ ಸಮೇತ ಬಂದಿಳಿದರು. ವಿನಾಯಕನ ಕೋಣೆ ಅವರದಾಯಿತು, ವಿನಾಯಕ್ ಸೋಫಾದವನಾದ. ಅದಕ್ಕೆ ಅವನಿಗೆ ಬೇಜಾರಿರಲಿಲ್ಲ, ಅಕ್ಕನಿಗಲ್ಲದೆ ಇನ್ಯಾರಿಗೆ ಬಿಟ್ಟುಕೊಡಬೇಕು. ಬೇಜಾರು ಶುರುವಾದದ್ದು ಶೂನಿಂದ. ಭಾವನ ಕಾರ್ಖಾನೆ ಶೂ, ಮೂತಿಗೆ ಕಬ್ಬಿಣ ಕೂರಿಸಿದವು, ಬಾಗಿಲ ಹೊರಗೆ ಮಲಗಿದ ಎಮ್ಮೆಕರುಗಳ ಹಾಗೆ ಬಿದ್ದಿರುತ್ತಿದ್ದವು. ಒಂದು ಬೆಳಿಗ್ಗೆ ಅವ್ವ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದಳು. ದಾರಿಗೆ ಅಡ್ಡ ಬಿದ್ದಿದ್ದ ವಿನಾಯಕನ ಚಪ್ಪಲಿಗಳನ್ನು ಕಾಲಿನಿಂದ ಅತ್ತ ತಳ್ಳಿದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಮಂಡಿನೋವಿಗೆ ಹಲ್ಲು ಕಚ್ಚಿ, ಬಗ್ಗಿ, ಭಾವನ ಶೂಗಳನ್ನು ಕೈಯಿಂದ ತಿರುಗಿಸಿ ಇಟ್ಟಳು. ಹೊರಡುವಾಗ ಕಾಲು ಹಾಕಲು ಸುಲಭವಾಗಲಿ ಎಂದು. ಇಷ್ಟೇ ನಡೆದದ್ದು. ಸೋಫಾದಿಂದ ಅರೆಗಣ್ಣಲ್ಲಿ ನೋಡಿದವನು ಮತ್ತೆ ಕಣ್ಣು ಮುಚ್ಚಿಕೊಂಡ. ಆದರೆ ಆವತ್ತಿನಿಂದ ಯಾವಾಗ ಕಣ್ಣು ಮುಚ್ಚಿದರೂ ಅವನ ಚಪ್ಪಲಿ ಅವ್ವನ ಹೆಬ್ಬೆರಳಿನ ತುದಿಯಲ್ಲಿ ಜಾರಿಕೊಂಡು ಹೋಗುವುದೇ ಕಾಣಿಸುತ್ತಿತ್ತು. ಚಪ್ಪಲಿಗೆ ಏನಾದೀತು, ಚಪ್ಪಲಿಯನ್ನು ಕಾಲಿನಿಂದ ತಳ್ಳದೆ ಆರತಿ ಎತ್ತುತ್ತಾರೆಯೇ ಎಂದು ತನಗೆ ತಾನೇ ಬೈದುಕೊಂಡ. ಬೈದುಕೊಂಡಷ್ಟೂ ಅದು ಇನ್ನೂ ದೂರ ಜಾರಿತು.

ಸೇಡಿಗೆಂದು ಒಂದು ದಿನ ಭಾವನ ಎರಡೂ ಶೂಗಳ ಲೇಸನ್ನು ಒಂದಕ್ಕೊಂದು ಗಂಟು ಹಾಕಿಟ್ಟ. ಗಡಿಬಿಡಿಯಲ್ಲಿ ಕಾಲು ಹಾಕಿದ ರುದ್ರೇಶ್ ಮುಗ್ಗರಿಸಿ ಲಿಫ್ಟಿನ ಗೋಡೆ ಹಿಡಿದುಕೊಂಡು ನಿಂತ. ವಿನಾಯಕ್ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕಾದ. ಈಗ ಬೈಯುತ್ತಾನೆ, ಈಗ ಇವನ ನಿಜವಾದ ಬಣ್ಣ ಹೊರಗೆ ಬರುತ್ತದೆ, ಈಗ ಇಂಟರ್ವಲ್. ರುದ್ರೇಶ್ ಗಂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಭಾರಿ ಅದೀ ಬಿಡಪಾ ವಿನಾಯಕ, ಬೀಳಿಸೇಬಿಟ್ಟಿದ್ದಿ ನೋಡು!” ಎಂದ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ. ಅವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅವ್ವ ಹಾಗೆ ನಕ್ಕದ್ದು ಅದೇ ಮೊದಲು. ಅವಳನ್ನು ನಗಿಸಬೇಕೆಂದು ವಿನಾಯಕ್ ಎಷ್ಟು ಮಿಮಿಕ್ರಿ ಮಾಡಿದ್ದ, ಎಷ್ಟು ಡೈಲಾಗ್ ಹೊಡೆದಿದ್ದ. ಈಗ ತನ್ನದೇ ಕಿತಾಪತಿಯನ್ನು ತನ್ನ ಕಣ್ಣೆದುರೇ ಇನ್ನೊಬ್ಬ ಎತ್ತಿಕೊಂಡು ಕ್ಲಾಪ್ ಹೊಡೆಸಿಕೊಂಡಿದ್ದ. ಕೋಪವೇ ಬರದ ವಿಲನ್ನನ್ನು ಇಟ್ಟುಕೊಂಡು ಯಾವನಾದರೂ ಸಿನಿಮಾ ತೆಗೆಯುವುದು ಹೇಗೆ?

ಆಮೇಲೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಹೇಮಲತಾ ಮೇಡಂ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಹಾಕಿದರು. ಕಾರಿಡಾರಿನಲ್ಲಿ ಪಾದರಕ್ಷೆ ಬಿಡಬಾರದು, ದಯವಿಟ್ಟು ಸಹಕರಿಸಿ. ಫೋಟೋದಲ್ಲಿ ಭಾವನ ಶೂಗಳೂ ಇದ್ದವು. ಆದರೆ ಅವು ಒಪ್ಪವಾಗಿ ಗೋಡೆಗೆ ಒತ್ತಿಕೊಂಡಿದ್ದವು. ಕೆಂಪು ಸುತ್ತು ಬಿದ್ದದ್ದು ವಿನಾಯಕನ ಚಪ್ಪಲಿಗೆ ಮಾತ್ರ, ಒಂದು ಮಗುಚಿಕೊಂಡಿತ್ತು.

“ಅಳಿಯಂದ್ರಿಗೆ ಹೇಳ್ತೀನಿ ಬಿಡು, ಒಂದು ಸ್ಟ್ಯಾಂಡ್ ತಂದು ಹಾಕ್ತಾರೆ,” ಅವ್ವ ಹೇಳಿದಳು.

“ಯಾಕವ್ವ, ನಾನು ಸತ್ತಿದ್ದೀನಾ?”

“ಬಿಡ್ತು ಅನ್ನಲೇ! ನೀನೇನು ಮಾಡ್ತೀಯೋ? ಕ್ಯಾಲೆಂಡರಿಗೆ ಮೊಳೆ ಹೊಡೀತೀನಿ ಅಂತ ಹೋಗಿ ಪಕ್ಕದ ಮನೆಯೋರ ಗಡಿಯಾರ ಬೀಳಿಸಿದೋನು.”

“ಅವ್ವ, ಕೇಳಿಸ್ಕೋ. ಈ ಕೈ ಸುಮ್ನಿದ್ರೆ ಕೈ. ಎದ್ರೆ ಸುತ್ತಿಗೆ!”

“ಮೊದ್ಲು ನೀನು ಏಳು. ಎದ್ದು ಮುಖ ತೊಳಕೋ ಹೋಗು.”

ಅಡುಗೆಮನೆಯಲ್ಲಿ ಸ್ಫೂರ್ತಿ ಕಿಸಕ್ಕನೆ ನಕ್ಕಳು. ತಟ್ಟೆಯಿಂದ ತಲೆಯೆತ್ತಿದ ರುದ್ರೇಶ್ ಮಾತ್ರ ನಗಲಿಲ್ಲ. “ಅವನ ಮಾಡ್ಲಿ ಬಿಡ್ರಿ ಅತ್ತಿ. ನನಗ ಒಂದ್ ಮೊಳಿ ನೆಟ್ಟಗ ಹೊಡ್ಯಾಕ ಬರಂಗಿಲ್ಲ. ಅವನ ಕೈ ಚಲೋ ಐತಿ,” ಎಂದ. ಅವ್ವ ತಕ್ಷಣ, “ನೀವು ಹೇಳ್ತೀರಿ ಅಂದ್ರೆ ಮಾಡ್ಲಿ,” ಎಂದಳು. ತನ್ನ ಮನೆಯಲ್ಲಿ, ತನ್ನ ಅವ್ವನ ಹತ್ತಿರ, ತನಗೆ ಬೇಕಾದ ಒಪ್ಪಿಗೆ ಭಾವನ ಶಿಫಾರಸಿನಿಂದ ಬಂತು. ಅದನ್ನು ಉಗುಳುವ ಹಾಗಿರಲಿಲ್ಲ, ನುಂಗುವ ಹಾಗೂ ಇರಲಿಲ್ಲ.

ಮರ ಸಿಕ್ಕಿದ್ದು ಬೊಮ್ಮಸಂದ್ರದಲ್ಲಿ, ಸ್ಕೂಲಿನ ಗೆಳೆಯ ಕೃಷ್ಣನ ಗುಜರಿಯಲ್ಲಿ. ಕಾರ್ಖಾನೆಗಳಿಗೆ ಯಂತ್ರ ತುಂಬಿಕೊಂಡು ಬಂದ ಪೆಟ್ಟಿಗೆಗಳ ಪೈನ್ ಹಲಗೆ. “ಏನ್ ಮಗಾ, ಚಪ್ಪಲಿಗೆ ಮನೆ ಕಟ್ತಿದ್ಯಾ? ಮೊದ್ಲು ನಿನಗೊಂದು ರೂಮ್ ಕಟ್ಕೋ, ಸೋಫಾ ರಾಜ,” ಎಂದು ಕೃಷ್ಣ ರೇಗಿಸಿದ. “ಡೈಲಾಗ್ ಡಿಪಾರ್ಟ್‌ಮೆಂಟ್ ನಂದು ಗುರು. ನೀನು ಹಲಗೆ ಕೊಡು ಸಾಕು,” ಎಂದು ಇವನು ಹಲಗೆಗಳನ್ನು ಸ್ಕೂಟರಿಗೆ ಅಡ್ಡಡ್ಡ ಕಟ್ಟಿಕೊಂಡು, ದಾರಿಯುದ್ದಕ್ಕೂ ಕಾರಿನವರ ಬೈಗುಳ ತಿನ್ನುತ್ತ ಬಂದ. ಶನಿವಾರ ಎಲ್ಲರೂ ಚಂದಾಪುರಕ್ಕೆ, ಚಿಕ್ಕಮ್ಮ ಕಮಲಮ್ಮನ ಗೃಹಪ್ರವೇಶಕ್ಕೆ ಹೋದರು. ಕೆಲಸವಿದೆ ಎಂದು ಇವನೊಬ್ಬ ಉಳಿದ. ಬಾಲ್ಕನಿಯಲ್ಲಿ ಲುಂಗಿ ಎತ್ತಿ ಕಟ್ಟಿ ಗರಗಸ ಹಚ್ಚಿದಾಗ ಅವನಿಗೇ ಆಶ್ಚರ್ಯವಾಗುವ ಹಾಗೆ ಮರ ಮಾತು ಕೇಳಿತು. ಬಿಳಿ ಪುಡಿ ಕಾಲ ಮೇಲೆ ಹಿಟ್ಟಿನ ಹಾಗೆ ಉದುರಿತು. ಕಾಲುಗಳು ನಿಂತವು, ಅಡ್ಡಪಟ್ಟಿಗಳು ಕೂತವು, ಮೇಲಿನ ಹಲಗೆ, ನಡುವಿನ ಹಲಗೆ. ಆ ಒಂದಿಷ್ಟು ಹೊತ್ತು ಅವನಿಗೆ ಭಾವನ ನೆನಪೇ ಬರಲಿಲ್ಲ. ಬೆವರು ಮೂಗಿನ ತುದಿಯಿಂದ ಮರದ ಮೇಲೆ ಬಿದ್ದರೆ ಅದನ್ನು ಹೆಬ್ಬೆರಳಿನಿಂದ ಒರೆಸಿ, ಒರೆಸಿದ ಜಾಗದ ನುಣುಪನ್ನು ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದ. ಯಾರಾದರೂ ಆಗ ಬಂದಿದ್ದರೆ, ಅವ್ವನಾಗಲಿ, ಭಾವನೇ ಆಗಲಿ, ಬಾಗಿಲು ತೆರೆದು ಒಳಗೆ ಬಂದಿದ್ದರೆ ಎಲ್ಲ ಅಲ್ಲಿಗೆ ಮುಗಿದುಹೋಗುತ್ತಿತ್ತು. ಯಾರೂ ಬರಲಿಲ್ಲ. ಉಳಿದದ್ದು ಕೆಳಗಿನ ಹಲಗೆ. ಅದು ಮೊಳೆಗೆ ಸೀಳಿತು. ಹಲಗೆ ಕಡಿಮೆ ಬಿತ್ತು. ನೀರು ಕುಡಿಯಲು ಒಳಗೆ ಹೋದವನ ಕಣ್ಣು ದೇವರ ಕಪಾಟಿನ ಪಕ್ಕದ ಸಂದಿಯ ಮೇಲೆ ಬಿತ್ತು.

ಹಲಸಿನ ಮರದ ಮಣೆ. ನಾಲ್ಕು ಮೂಲೆಗೆ ಹಿತ್ತಾಳೆಯ ಹೂವು. ಅಪ್ಪ ಪಂಚಾಕ್ಷರಿ ದಿನಾ ಅದರ ಮೇಲೆ ಕೂತು, ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಾರ್ಖಾನೆಯ ಬಸ್ಸು ಕೆಳಗೆ ಹಾರನ್ ಹೊಡೆದರೂ ಕಣ್ಣು ತೆರೆಯುತ್ತಿರಲಿಲ್ಲ. ಎದುರಿಗೆ ಚಕ್ಕಂಬಕ್ಕಲ ಹಾಕಿಕೊಂಡು ಕೂತ ಪುಟ್ಟ ವಿನಾಯಕ್ ಅಪ್ಪನ ಹಾಗೇ ಎಡಗೈ ಚಾಚುತ್ತಿದ್ದ. ಪೂಜೆ ಮುಗಿದ ಮೇಲೆ ಅಪ್ಪ ಆ ಅಂಗೈಗೆ ಒಂದು ಚೂರು ಕಲ್ಲುಸಕ್ಕರೆ ಹಾಕುತ್ತಿದ್ದರು. ಈಗ ವಿನಾಯಕನ ಸ್ವಂತ ಲಿಂಗದ ಬೆಳ್ಳಿ ಕರಡಿಗೆ ಶಿವದಾರದ ಸಮೇತ ಬೀರುವಿನ ಬಾಗಿಲ ಹಿಂದಿನ ಕೊಕ್ಕೆಯಲ್ಲಿ, ಹಳೆಯ ಆಫೀಸುಗಳ ಗುರುತಿನ ಚೀಟಿಗಳ ಜೊತೆ ತೂಗುತ್ತದೆ. ಬೀರು ತೆರೆದಾಗಲೆಲ್ಲ ಬೆಳ್ಳಿ ಪ್ಲಾಸ್ಟಿಕ್ಕಿಗೆ ತಾಗಿ ಟಿಕ್ ಅನ್ನುತ್ತದೆ. ಕೊರಳಿಗೆ ಕಟ್ಟಿಕೊಳ್ಳೋ ಎಂದು ಅವ್ವ ಅಂದದ್ದುಂಟು, ಅಂದು ಸುಮ್ಮನಾದದ್ದುಂಟು. ಅಪ್ಪ ಹೋದ ಮೇಲೆ ಮಣೆಯನ್ನು ಅವ್ವ ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದಳು. ಅದು ತನಗೇ ಕಾದಿದೆ ಎಂದು ವಿನಾಯಕನಿಗೆ ಗೊತ್ತಿತ್ತು. ನಾಳೆಯೋ ನಾಡಿದ್ದೋ, ಮದುವೆಯಾದ ಮೇಲೋ, ಒಂದು ದಿನ ಸ್ನಾನ ಮಾಡಿ ಬಂದು ಅವ್ವನಿಗೆ ಸರ್‌ಪ್ರೈಸ್ ಕೊಟ್ಟರಾಯಿತು, ಅವಸರವೇನು. ಭಾವ ಬಂದ ಮೊದಲನೇ ಸೋಮವಾರವೇ ಅವ್ವ ಗಂಟು ಬಿಚ್ಚಿದಳು. ಒದ್ದೆ ಬಟ್ಟೆಯಿಂದ ಒರೆಸಿ, ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಹೂವು ಹೊಳೆಸಿ, ಪೂರ್ವಕ್ಕೆ ಹಾಕಿದಳು. ಭಾವ ಹಿಂಜರಿದ. “ಮಾವಾರ ಮಣಿ ಮ್ಯಾಲ ನಾ ಹೆಂಗ ಕೂಡ್ಲಿ ಅತ್ತಿ? ವಿನಾಯಕ ಅದಾನಲ್ಲ.” ಅವ್ವ ಸೋಫಾದ ಕಡೆ ನೋಡಲೂ ಇಲ್ಲ. “ಕೂತ್ಕೊಳ್ಳಪ್ಪ. ಖಾಲಿ ಇರಬಾರ್ದು ಅದು,” ಎಂದಳು. ವಿನಾಯಕ್ ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡ. ಆ ಕತ್ತಲಲ್ಲಿ ಅವನಿಗೆ ಭಾವನ ಮೇಲಾಗಲಿ ಅವ್ವನ ಮೇಲಾಗಲಿ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆ ಮಣೆಯ ಮೇಲೆ. ಯಾರು ಕೂತರೂ ಕೂರಿಸಿಕೊಳ್ಳುತ್ತದಲ್ಲ ಅದು.

ಶನಿವಾರ ಅದರ ಕೆಳಗಿನ ಪಟ್ಟಿಗಳನ್ನು ಉಳಿಯಿಂದ ಎಬ್ಬಿಸುವಾಗ ಹಲಗೆ ನರಳಿತು. ಹಿತ್ತಾಳೆ ಹೂವುಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಅಳತೆಗೆ ಒಂದು ಅಂಚು ಕೊಯ್ದಾಗ ಕಪ್ಪು ಮಾಸಿದ ಆ ಮರದ ಒಳಗಿನಿಂದ ಅರಿಸಿನದಂಥ ಹಳದಿ ಹೊರಬಂತು, ನೆನ್ನೆ ಮೊನ್ನೆ ಕಡಿದ ಹಾಗೆ. ಅಪ್ಪ ಕೂತು ಕೂತು ಸವೆದು ನುಣ್ಣಗಾದ ಮೈಯನ್ನು ನೆಲದ ಕಡೆ ತಿರುಗಿಸಿ, ಒರಟು ಬೆನ್ನನ್ನು ಮೇಲೆ ಮಾಡಿ ಮೊಳೆ ಹೊಡೆದ. ಮಿಕ್ಕ ಹಲಗೆಗಳ ಜೊತೆ ಅದಕ್ಕೂ ಕಿಟಕಿಗೆ ತಂದು ಉಳಿದಿದ್ದ ಕಂದು ಬಣ್ಣ ಬಳಿದ. ಬಣ್ಣ ಬಿದ್ದ ಮೇಲೆ ಎಲ್ಲ ಹಲಗೆಗಳೂ ಒಂದೇ ಜಾತಿಯವಾದವು.

ಭಾನುವಾರ ಸಂಜೆ ಎಲ್ಲರೂ ಸ್ಟ್ಯಾಂಡಿನ ಸುತ್ತ ನೆರೆದರು. ಸ್ಫೂರ್ತಿ ಮೊಬೈಲಿನಲ್ಲಿ ಫೋಟೋ ತೆಗೆದಳು. ವಿನಾಯಕ್ ಸಂಪುಟ ಹಂಚುವ ಮುಖ್ಯಮಂತ್ರಿಯ ಹಾಗೆ ಅಂತಸ್ತು ಹಂಚಿದ. ಮೇಲಿನದು ಅವ್ವನಿಗೆ, ಬಗ್ಗುವ ಹಾಗಿಲ್ಲ. ನಡುವಿನದು ಅಕ್ಕನಿಗೂ ತನಗೂ. “ಕೆಳಗಿಂದು ನಿಮಗೆ ಭಾವ. ನಿಮ್ಮ ಶೂ ಭಾರ ಅಲ್ವಾ, ನಿಮಗೇ ಅಂತ ಗಟ್ಟಿ ಹಲಗೆ ಹಾಕಿದ್ದೀನಿ.”

“ನನಗಂತ ಮಾಡೀಯೇನಪಾ?” ರುದ್ರೇಶ್ ಕೇಳಿದ. ಶೂಗಳನ್ನು ಎರಡೂ ಕೈಯಿಂದ ಎತ್ತಿ, ಕಾಣಿಕೆ ಇಡುವವನ ಹಾಗೆ ಕೆಳಗಿನ ಹಲಗೆಯ ಮೇಲಿಟ್ಟ. ಮಣೆಯ ಮೇಲೆ ಕೂತವನ ಕೈಯಿಂದಲೇ ಅದನ್ನು ತುಳಿಸಿದೆ ಎಂದು ವಿನಾಯಕನ ಎದೆಯೊಳಗೆ ಶಿಳ್ಳೆ ಬಿತ್ತು. ಬಿದ್ದ ಶಿಳ್ಳೆ ಅಲ್ಲೇ ನಿಂತಿತು. ಥಿಯೇಟರಿನಲ್ಲಿ ಒಬ್ಬನೇ ಕೂತು ಶಿಳ್ಳೆ ಹೊಡೆದವನಂತೆ ಸುತ್ತ ನೋಡಿದ. ಅವ್ವ ಆಗಲೇ ಪೊರಕೆ ಹಿಡಿದು ಬಾಲ್ಕನಿ ಗುಡಿಸಲು ಹೋಗಿದ್ದಳು. ಪೊರಕೆಯ ಸದ್ದು ಬಂತು. ವಾಷಿಂಗ್ ಮಷಿನಿನ ಹತ್ತಿರ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಮತ್ತೆ ಬಂತು.

ಈಗ ಬಚ್ಚಲುಮನೆಯ ನೀರು ನಿಂತಿತು.

ವಿನಾಯಕ್ ಹೊದಿಕೆಯ ಸಂದಿಯಿಂದ ನೋಡಿದ. ಅವ್ವ ಸಂದಿಗೆ ಕೈ ಹಾಕಲಿಲ್ಲ. ಅತ್ತ ನೋಡಲೇ ಇಲ್ಲ. ನೇರವಾಗಿ ಬಂದು ಜಮಖಾನೆಯನ್ನು ನಾಲ್ಕಾಗಿ ಮಡಿಸಿ, ಮಣೆ ಹಾಕುತ್ತಿದ್ದ ಜಾಗದಲ್ಲಿ ಹಾಸಿ, ಅಂಚಿನ ಸುಕ್ಕು ಬಿಡಿಸಿದಳು.

“ಮಣಿ ಎಲ್ಲಿ ಹೋತ್ರಿ ಅತ್ತಿ?” ಮಡಿ ಉಟ್ಟು ಬಂದ ರುದ್ರೇಶ್ ಕೇಳಿದ.

“ಹುಳ ಹಿಡಿದಿತ್ತಪ್ಪ. ತೆಗೆದೆ.”

“ಹುಳಾ? ಹಲಸಿನ ಕಟಿಗಿಗೆ ಹುಳ ಹತ್ತಂಗಿಲ್ಲ ಅಂತಾರಲ್ಲ?”

“ಹೊರಗಿಂದ ಹತ್ತಲ್ಲ,” ಅವ್ವ ಊದುಬತ್ತಿ ಹಚ್ಚಿದಳು. “ಮನೆಯೊಳಗಿಂದೇ ಹತ್ತಿದ್ರೆ ಏನ್ ಮಾಡಾಕಾಗುತ್ತೆ?”

ಕಡ್ಡಿಯನ್ನು ಆರಿಸುವಾಗಲೂ ಅವಳು ಸೋಫಾದ ಕಡೆ ತಿರುಗಲಿಲ್ಲ. ರಿಹರ್ಸಲ್ ಮಾಡಿಟ್ಟ ಸುಳ್ಳುಗಳೆಲ್ಲ ವಿನಾಯಕನ ಬಾಯಲ್ಲೇ ಉಳಿದವು. ಅವನು ಹೇಳಬೇಕಾದ ಸುಳ್ಳನ್ನು ಅವ್ವನೇ, ಬೆಳಿಗ್ಗೆ ಬೆಳಿಗ್ಗೆ, ದೀಪದ ಎದುರು ನಿಂತು, ಅಳಿಯನಿಗೆ ಹೇಳಿಬಿಟ್ಟಿದ್ದಳು. ಅವಳು ಕೂಗಾಡಿದ್ದರೆ ಅವನೂ ಕೂಗಾಡಬಹುದಿತ್ತು. ಕಾಲಿನಿಂದ ತಳ್ಳಿದ್ದು, ಖಾಲಿ ಇರಬಾರದು ಅಂದದ್ದು, ಎಲ್ಲವನ್ನೂ ಕ್ಲೈಮ್ಯಾಕ್ಸಿನ ಒಂದೇ ಉಸಿರಿನಲ್ಲಿ ಸುರಿದುಬಿಡಬಹುದಿತ್ತು. ಅವಳು ಆ ಸೀನನ್ನೇ ಅವನಿಂದ ಕಿತ್ತುಕೊಂಡಳು.

ಪೂಜೆ ಮುಗಿಸಿ, ತಿಂಡಿ ತಿಂದು, ಬ್ಯಾಗು ಹೆಗಲಿಗೇರಿಸಿ ಬಂದ ರುದ್ರೇಶ್ ಶೂಗಳಿಗಾಗಿ ಕೆಳಗಿನ ಹಲಗೆಗೆ ಬಗ್ಗಿದ. ಅವು ಅಲ್ಲಿರಲಿಲ್ಲ. ಮೇಲಿನ ಹಲಗೆಯ ಮೇಲೆ, ಹಿಮ್ಮಡಿ ಈಚೆಗೆ ಮಾಡಿಕೊಂಡು, ಹಾಕಲು ಸುಲಭವಾಗುವ ಹಾಗೆ ಕೂತಿದ್ದವು. ಅವ್ವನ ಚಪ್ಪಲಿಗಳು ಸ್ಟ್ಯಾಂಡಿನ ಪಕ್ಕ ನೆಲದ ಮೇಲಿದ್ದವು.

“ಯಾಕ್ರಿ ಅತ್ತಿ, ಭಾರ ತಡೀಲಿಲ್ಲೇನು ಕೆಳಗಿಂದು?”

“ತಡೀತದೆ. ಆದ್ರೂ ಕೆಳಗಿಂದು ಖಾಲಿ ಇರ್ಲಿ.”

ಅವನು ಹೋದ. ಲಿಫ್ಟು ಇಳಿಯಿತು. ಅವ್ವ ಗೋಡೆ ಹಿಡಿದುಕೊಂಡು, ಮಂಡಿನೋವಿಗೆ ಹಲ್ಲು ಕಚ್ಚಿ ಬಗ್ಗಿದಳು. ಸೆರಗಿನ ತುದಿಯಿಂದ ಕೆಳಗಿನ ಹಲಗೆಯನ್ನು ಒರೆಸಿದಳು. ಹಲಗೆಯ ಅಡಿಗೆ, ನೆಲದ ಕಡೆ ಮುಖ ಮಾಡಿದ ಆ ನುಣುಪಿಗೆ, ಬೆರಳು ತೂರಿಸಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಾಲು ತಾಗಬಾರದ್ದಕ್ಕೆ ತಾಗಿದಾಗ ಒತ್ತಿಕೊಳ್ಳುತ್ತೇವಲ್ಲ, ಹಾಗೆ. ಏಳುವಾಗ ಅಡ್ಡ ಬಿದ್ದಿದ್ದ ವಿನಾಯಕನ ಚಪ್ಪಲಿ ಸಿಕ್ಕಿತು. ಅದನ್ನು ಈ ಸಲ ಅವಳು ಕಾಲಿನಿಂದ ತಳ್ಳಲಿಲ್ಲ. ಕೈಯಿಂದ ಎತ್ತಿ ನಡುವಿನ ಹಲಗೆಯ ಮೇಲಿಟ್ಟು ಒಳಗೆ ಹೋದಳು. ಕಾಲಿನಿಂದ ತಳ್ಳಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಹಲಗೆ ಕಡಿಮೆ ಬಿತ್ತು ಎಂದು ಆಗ ಹೇಳಿದ್ದು ಸುಳ್ಳು. ಅದು ಸೀಳಲೂ ಇಲ್ಲ. ಕೃಷ್ಣ ಕೊಟ್ಟ ಪೈನ್ ಹಲಗೆ ಅಳತೆಗೆ ಸರಿಯಾಗಿ ಕೊಯ್ದು, ಮೊಳೆಗೆ ಗುರುತು ಹಾಕಿದ ಹಾಗೇ ಇವತ್ತಿಗೂ ವಾಷಿಂಗ್ ಮಷಿನಿನ ಹಿಂದೆ ನಿಂತಿದೆ. ಅವ್ವನ ಪೊರಕೆ ನಿಂತದ್ದು ಅಲ್ಲೇ, ಹಳದಿ ಪುಡಿ ಬಿದ್ದಿದ್ದದ್ದೂ ಅಲ್ಲೇ. ಇನ್ನೂ ಒಂದನ್ನು ಹೇಳದೆ ಬಿಟ್ಟದ್ದಿದೆ. ಶನಿವಾರ ಆ ಮಣೆಯನ್ನು ಬಾಲ್ಕನಿಗೆ ತಂದವನು ತಕ್ಷಣ ಗರಗಸ ಹಿಡಿಯಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಪೂರ್ವಕ್ಕೆ ಹಾಕಿ, ಚಕ್ಕಂಬಕ್ಕಲ ಹಾಕಿಕೊಂಡು ಅದರ ಮೇಲೆ ಕೂತ. ಕಣ್ಣು ಮುಚ್ಚಿ, ಅಪ್ಪನ ಹಾಗೆ ಎಡಗೈ ಚಾಚಿದ. ಮೇಲ್ಸೇತುವೆಯ ಮೇಲೆ ಲಾರಿಗಳು ಹೋಗುವುದು ಕೇಳಿಸಿತು, ಯಾರದೋ ಮನೆಯ ಕುಕ್ಕರು ಕೂಗಿತು. ಅಂಗೈ ಖಾಲಿ ಇತ್ತು, ಕಾದಷ್ಟು ಹೊತ್ತೂ ಖಾಲಿಯೇ ಇತ್ತು. ಕಣ್ಣು ತೆರೆದು ಎದ್ದ. ಅದೇ ಎಡಗೈಯಿಂದ ಮಣೆಯನ್ನು ಒತ್ತಿ ಹಿಡಿದು ಗರಗಸ ಹಚ್ಚಿದ.